ಅರ್ಧ ಗಂಟೆಯ ಸಂದರ್ಶನ

ಅಳಿದುಹೋಗುತ್ತಿರುವ ತಲೆಮಾರಿನ ಮಾತನ್ನು ಅದು ಇರುವಾಗಲೇ ಹಿಡಿದಿರಿಸಬೇಕೆಂಬ ಎಚ್ಚರವು ಕನ್ನಡನಾಡಿನ ಜಿಲ್ಲೆಗಳ ಸಾಹಿತ್ಯಸಂಘಗಳಲ್ಲಿ ಈಚೆಗೆ ಮೂಡಿರುವುದು ಸಂತೋಷದ ಸಂಗತಿಯೇ ಸರಿ. ನಿವೃತ್ತರಾದ ಉಪಾಧ್ಯಾಯರು, ಮೇಳದ ಮದ್ದಳೆಗಾರರು, ಸೋಬಾನೆ ಬಲ್ಲ ಅಜ್ಜಿಯರು, ಕೆರೆಯ ಹಳೆಯ ಕಟ್ಟುಪಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿರುವ ನೀರಗಂಟಿಗಳು, ಇಂಥವರ ಮನೆಯ ಬಾಗಿಲಿಗೆ ಕ್ಯಾಮೆರಾ ಹೋಗುತ್ತಿದೆ. ಮೂವತ್ತು ವರ್ಷಗಳ ಹಿಂದೆ ಒಂದು ವೀಡಿಯೊ ಸಂದರ್ಶನವಾಗಬೇಕಾದರೆ ದೂರದರ್ಶನದ ತಂಡವು ದಯಮಾಡಿಸಬೇಕಾಗಿತ್ತು. ಇಂದು ಸಂಘದ ಕಾರ್ಯದರ್ಶಿಗಳ ಅಂಗಿಯ ಜೇಬಿನಲ್ಲಿರುವ ಮೊಬೈಲು ಆ ಕೆಲಸಕ್ಕೆ ಸಾಕು. ಸಾಧನವು ಇಷ್ಟು ಸುಲಭವಾದ ಕಾಲದಲ್ಲಿ ಫಲವು ಇಷ್ಟು ತೆಳುವಾಗುವುದಕ್ಕೆ ಕಾರಣವೇನೆಂಬುದು ಮಾತ್ರ ವಿಚಾರಕ್ಕೆ ತಕ್ಕದ್ದಾಗಿದೆ.

ಇಂಥ ಸಂದರ್ಶನಗಳಲ್ಲಿ ಹತ್ತನ್ನು ಒಂದೇ ಸಮನೆ ಕುಳಿತು ನೋಡಿದವರಿಗೆ ಹನ್ನೊಂದನೆಯದು ಹೇಗಿರುವುದೆಂದು ಊಹಿಸುವುದು ಕಷ್ಟವಲ್ಲ. ಎಂಬತ್ತು ದಾಟಿದ ಮದ್ದಳೆಗಾರರೊಬ್ಬರ ಮನೆ. ಹಿಂದಿನ ದಿನ ಸಂಜೆ ಫೋನಿನಲ್ಲಿ ಸುದ್ದಿ ಮುಟ್ಟಿಸಿ, ಬೆಳಿಗ್ಗೆ ಹತ್ತಕ್ಕೆ ಬರುವುದಾಗಿ ಹೇಳಿದವರು ಹನ್ನೆರಡಕ್ಕೆ ಬರುತ್ತಾರೆ. ಹಿರಿಯರಿಗೆ ಅದು ಊಟದ ಹೊತ್ತು, ಔಷಧಿಯ ಹೊತ್ತು. ಮನೆಯವರು ಹೊಸ ಶಾಲೊಂದನ್ನು ಹೊದಿಸಿ, ಅವರು ಎಂದೂ ಕೂಡದ ಸೋಫಾದ ಮೇಲೆ ಅವರನ್ನು ಕೂರಿಸುತ್ತಾರೆ. ಬೆನ್ನ ಹಿಂದೆ ಬಿಸಿಲಿನ ಕಿಟಕಿ. ಆದುದರಿಂದ ಮುಖ ಕಪ್ಪು. ತಲೆಯ ಮೇಲೆ ಫ್ಯಾನು ಗರಗರನೆ ತಿರುಗುತ್ತಿದೆ. ಸಂದರ್ಶಕ ಮಹಾಶಯರು ಮೊದಲ ಐದು ನಿಮಿಷ ತಮ್ಮ ಸಂಘದ ಪರಿಚಯವನ್ನೂ, ಮುಂದಿನ ಮೂರು ನಿಮಿಷ ಹಿರಿಯರಿಗೆ ಬಂದ ಪ್ರಶಸ್ತಿಗಳ ಪಟ್ಟಿಯನ್ನೂ ಓದಿ, “ತಾವು ಈ ಕಲಾಕ್ಷೇತ್ರಕ್ಕೆ ಹೇಗೆ ಬಂದಿರಿ?” ಎಂದು ಕೇಳುತ್ತಾರೆ. ಹಿರಿಯರು, “ಎಂತ ಮಾಡೂದು ಮಾರಾಯ್ರೆ, ಹೊಟ್ಟೆಪಾಡು,” ಎನ್ನುತ್ತಾರೆ. ಆ ‘ಹೊಟ್ಟೆಪಾಡು’ ಎಂಬ ಒಂದು ಮಾತಿನ ಹಿಂದೆ ಒಂದು ಕಾಲದ ಮೇಳದ ಇತಿಹಾಸವೇ ಅಡಗಿದೆ: ತಿರುಗಾಟದ ಸಂಬಳವೆಷ್ಟು, ಮಳೆಗಾಲದಲ್ಲಿ ಆಟವಿಲ್ಲದಾಗ ಒಲೆ ಹೇಗೆ ಉರಿಯಿತು, ಯಜಮಾನರು ಮುಂಗಡ ಕೊಟ್ಟು ಹೇಗೆ ಕಟ್ಟಿಹಾಕಿದರು, ವೇಷದ ಪೆಟ್ಟಿಗೆಗಳೊಡನೆ ರಾತ್ರಿಯ ನಿದ್ರೆಯಿಲ್ಲದೆ ಎಷ್ಟು ದೂರ ನಡೆದರು. ಸಂದರ್ಶಕರು “ಬಹಳ ಸಂತೋಷ” ಎಂದು ಎರಡನೆಯ ಪ್ರಶ್ನೆಗೆ ದಾಟುತ್ತಾರೆ: “ಇಂದಿನ ಯುವಕರಿಗೆ ತಮ್ಮ ಸಂದೇಶವೇನು?”

ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯುತ್ತದೆ. ಸಂಜೆಯ ಹೊತ್ತಿಗೆ ಅದರ ಮೇಲೆ ಕೊಳಲಿನ ನಾದವನ್ನು ಹಾಸಿ ಯೂಟ್ಯೂಬಿಗೆ ಏರಿಸುತ್ತಾರೆ. ವರ್ಷದ ಕೊನೆಯ ವರದಿಯಲ್ಲಿ ‘ದಾಖಲೀಕರಣ: 40 ಮಂದಿ ಹಿರಿಯರು’ ಎಂದು ಅಚ್ಚಾಗುತ್ತದೆ.

ಇಲ್ಲಿ ಯಂತ್ರದ ತಪ್ಪು ಏನೂ ಇಲ್ಲ. ಯಂತ್ರವು ತನ್ನ ಮುಂದೆ ಬಂದ ಮಾತನ್ನು ಹಿಡಿಯುತ್ತದೆಯೇ ಹೊರತು ಬಾರದ ಮಾತನ್ನು ಬರಿಸುವುದಿಲ್ಲ. ಬರಿಸತಕ್ಕವನು ಕೇಳುವವನು, ಅವನು ಬರಿಗೈಯಲ್ಲಿ ಬಂದಿದ್ದರೆ ಯಂತ್ರವು ಎಷ್ಟು ಬೆಲೆಯದಾದರೂ ಪ್ರಯೋಜನವಿಲ್ಲ. ಸಂದರ್ಶನವೆಂಬುದು ಕ್ಯಾಮೆರಾ ತೆರೆಯುವ ಹೊತ್ತಿಗೆ ಮುಕ್ಕಾಲು ಪಾಲು ಮುಗಿದಿರಬೇಕಾದ ಕೆಲಸ. ಹಾಗೆ ಮುಗಿಯದಿದ್ದಲ್ಲಿ ಕ್ಯಾಮೆರಾವನ್ನು ತೆರೆಯುವುದು ಹಿರಿಯರಿಗೆ ಮಾಡುವ ಗೌರವವಲ್ಲ, ಅವರ ಉಳಿದಿರುವ ಶಕ್ತಿಯನ್ನು ದುಂದು ಮಾಡುವುದು. ಇಷ್ಟು ಕಠಿನವಾಗಿ ಹೇಳಬೇಕೆ ಎಂದು ಕೇಳುವವರಿಗೆ, ಒಮ್ಮೆ ಕೆಟ್ಟ ಸಂದರ್ಶನವಾದ ಮನೆಗೆ ಎರಡನೆಯವರು ಹೋಗುವುದಿಲ್ಲವೆಂಬ ಸಂಗತಿಯನ್ನು ನೆನಪಿಗೆ ತರಬೇಕಾಗಿದೆ. ‘ಅವರದು ಆಗಿದೆಯಲ್ಲ’ ಎಂಬ ಒಂದು ಮಾತಿನಿಂದ ಆ ಬಾಗಿಲು ಮುಚ್ಚಿಹೋಗುತ್ತದೆ.

ಮಾತಿಗೆ ಕೊಟ್ಟ ಅವಕಾಶವೇ ಮಾತಿನ ಅಳತೆಯನ್ನು ಗೊತ್ತುಮಾಡುತ್ತದೆಂಬುದಕ್ಕೆ ದಕ್ಷಿಣ ಕನ್ನಡದಲ್ಲಿಯೇ ಒಂದು ಸಾಕ್ಷ್ಯವಿದೆ. ಫಿನ್ಲೆಂಡಿನ ಜಾನಪದ ವಿದ್ವಾಂಸರಾದ ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಇವರ ಸಹಯೋಗದಲ್ಲಿ ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರೆಂಬ ತುಳು ಗಾಯಕರ ಬಳಿಗೆ ಹೋದುದು ವಿದ್ವಾಂಸರಿಗೆಲ್ಲ ಗೊತ್ತಿರುವ ವಿಷಯ. ಗೋಪಾಲ ನಾಯ್ಕರು ಕೋಟಿ ಚೆನ್ನಯರ ಕಥೆಯನ್ನು ಮೊದಲು ಆಕಾಶವಾಣಿಗೆ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಹಾಡಿದ್ದರು. ಹಾಂಕೊ ಅವರ ಮುಂದೆಯೂ ಮೊದಲ ಸಲ ಅರ್ಧ ಗಂಟೆಯೊಳಗೆ ಮುಗಿಸಿದರು. ಆಮೇಲೆ, ಎಷ್ಟು ವಿಸ್ತಾರವಾಗಿ ಹಾಡಲು ಸಾಧ್ಯವೋ ಅಷ್ಟು ವಿಸ್ತಾರವಾಗಿ ಹಾಡಬೇಕೆಂದು ಕೇಳಿಕೊಂಡಾಗ ಅದೇ ಕಥೆಯು ಆರು ದಿನಗಳಲ್ಲಿ ಹಂಚಿಕೊಂಡು ಸುಮಾರು ಹದಿನೈದು ಗಂಟೆಗಳ ಕಾಲ ಹರಿಯಿತು. ಗಾಯಕರು ಅವರೇ, ಕಥೆ ಅದೇ, ಕಂಠವೂ ಅದೇ. ಇಪ್ಪತ್ತು ನಿಮಿಷದ ಪಾತ್ರೆಯನ್ನು ಹಿಡಿದವರಿಗೆ ಇಪ್ಪತ್ತು ನಿಮಿಷದ ಕಥೆ ದೊರೆಯಿತು, ಅಷ್ಟೆ. ಮುಂದೆ 1990ರ ಡಿಸೆಂಬರಿನಲ್ಲಿ ಅವರಿಂದ ಸಿರಿಯ ಕಾವ್ಯವನ್ನು ಪಡೆದುದು ಈ ಅನುಭವದ ಬಲದಿಂದಲೇ. 1998ರಲ್ಲಿ ಅದು ಅಚ್ಚಾಗಿ ಬಂದಾಗ ಸಾಲುಗಳ ಲೆಕ್ಕ 15,683 ಆಗಿದ್ದಿತು. ಆಕಾಶವಾಣಿಯ ಇಪ್ಪತ್ತು ನಿಮಿಷಗಳಿಗೆ ತೃಪ್ತಿಪಟ್ಟು ‘ಗೋಪಾಲ ನಾಯ್ಕರದು ಆಗಿದೆಯಲ್ಲ’ ಎಂದು ಆ ವಿದ್ವಾಂಸರು ತಿರುಗಿ ಹೋಗಿದ್ದರೆ, ಆ ಸಾವಿರಾರು ಸಾಲುಗಳು ಇದ್ದುವೆಂಬುದೇ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ.

ಇದಕ್ಕೆ ಆಕ್ಷೇಪವೊಂದು ಸಿದ್ಧವಾಗಿಯೇ ಇರುತ್ತದೆ. ವಿದೇಶದ ವಿದ್ವಾಂಸರಿಗೆ ವರ್ಷಗಟ್ಟಲೆ ಸಮಯವುಂಟು. ಇಲ್ಲಿ ಹಿರಿಯರು ಒಬ್ಬೊಬ್ಬರಾಗಿ ತೀರಿಹೋಗುತ್ತಿರುವಾಗ ಯೋಜನೆ ಹಾಕುತ್ತ ಕೂಡುವುದು ಬೆಂಕಿ ಬಿದ್ದ ಮನೆಯ ಮುಂದೆ ಬಾವಿ ತೋಡಿದಂತಲ್ಲವೆ ಎಂಬುದು ಆ ಆಕ್ಷೇಪ. ಕೇಳಲು ನ್ಯಾಯವಾಗಿಯೇ ತೋರುತ್ತದೆ. ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರಂಥವರ ಹಿಂದೆಯೇ ಅವರ ಸರೀಕರೂ ಹೋಗುತ್ತಿದ್ದಾರೆ. ಪ್ರಶಸ್ತಿ ಬಾರದವರ ಸಾವು ಪತ್ರಿಕೆಗೂ ಬರುವುದಿಲ್ಲ. ಆದರೆ ಅವಸರವು ಸಿದ್ಧತೆಯನ್ನು ಬಿಡಲು ಕಾರಣವಾಗಲಾರದು, ಹೆಚ್ಚಿಸಲು ಕಾರಣವಾಗಬೇಕು. ಮತ್ತೊಮ್ಮೆ ಕೇಳುವ ಅವಕಾಶವಿಲ್ಲದ ಕಡೆಯಲ್ಲಲ್ಲವೆ ಮೊದಲ ಸಲವೇ ಸರಿಯಾಗಿ ಕೇಳಬೇಕಾದುದು? ಅಂಡಮಾನಿನ ಬೋ ಭಾಷೆಯನ್ನಾಡುತ್ತಿದ್ದ ಕೊನೆಯ ವ್ಯಕ್ತಿಯೆನಿಸಿದ ಬೋವಾ ಸೀನಿಯರ್ ಎಂಬ ವೃದ್ಧೆಯು 2010ರ ಜನವರಿಯಲ್ಲಿ ತೀರಿಕೊಂಡಳು. ಭಾಷಾವಿಜ್ಞಾನಿಯಾದ ಅನ್ವಿತಾ ಅಬ್ಬಿಯವರು ಆಕೆ ಬದುಕಿರುವಾಗ ಮತ್ತೆ ಮತ್ತೆ ಆ ದ್ವೀಪಗಳಿಗೆ ಹೋಗಿ, ಆ ಬಳಗದ ಭಾಷೆಯನ್ನು ತಾವು ಕಲಿಯುತ್ತ, ಆಕೆಯ ಮಾತನ್ನೂ ಹಾಡನ್ನೂ ಮುದ್ರಿಸಿಕೊಂಡರು. ಮುಂದೆ ಗ್ರೇಟ್ ಅಂಡಮಾನೀ ಭಾಷೆಯ ನಿಘಂಟೂ ವ್ಯಾಕರಣವೂ ಹೊರಬಂದುವು. ಅದಕ್ಕಿಂತ ಹೆಚ್ಚಿನ ಅವಸರವು ಯಾವ ಜಿಲ್ಲಾ ಸಂಘಕ್ಕೆ ಇದ್ದೀತು?

ಎರಡನೆಯ ಆಕ್ಷೇಪವು ಇದಕ್ಕಿಂತ ಸೂಕ್ಷ್ಮವಾದುದು. ಮೊದಲೇ ಎಲ್ಲವನ್ನೂ ಗೊತ್ತುಮಾಡಿಕೊಂಡು ಹೋದರೆ ಮಾತಿನ ಸಹಜತೆ ಕೆಡುತ್ತದೆ, ಹಿರಿಯರು ಪಾಠ ಒಪ್ಪಿಸಿದಂತೆ ಆಡುತ್ತಾರೆ ಎನ್ನುತ್ತಾರೆ. ಹೀಗೆನ್ನುವವರು ಯೋಜನೆಯೆಂದರೆ ಪ್ರಶ್ನೆಗಳ ಪಟ್ಟಿಯೆಂದು ತಿಳಿದಿರುವಂತೆ ತೋರುತ್ತದೆ. ಪಟ್ಟಿಯಿಂದ ಸಹಜತೆ ಕೆಡುವುದು ನಿಜವೇ. ಎಲ್ಲ ಹಿರಿಯರಿಗೂ ಒಂದೇ ಹತ್ತು ಪ್ರಶ್ನೆಗಳನ್ನು ಕಂಪ್ಯೂಟರಿನಲ್ಲಿ ಅಚ್ಚುಹಾಕಿಸಿಕೊಂಡು ಹೋಗುವ ಪದ್ಧತಿಯು ಹಲವು ಕಡೆ ಬೇರೂರಿದೆ. ಗ್ರಿಯರ್ಸನ್ ಸಾಹೇಬರು ಭಾರತದ ಭಾಷೆಗಳ ಸಮೀಕ್ಷೆಯನ್ನು ನಡೆಸಿದಾಗ ಬೈಬಲ್ಲಿನ ತಪ್ಪಿಹೋದ ಮಗನ ಕಥೆಯನ್ನೇ ಒಂದೊಂದು ಭಾಷೆಯಲ್ಲಿಯೂ ಹೇಳಿಸಿ ಬರೆಯಿಸಿಕೊಂಡರು. ಭಾಷೆಯನ್ನು ಭಾಷೆಗೆ ಹೋಲಿಸುವುದು ಅವರ ಉದ್ದೇಶವಾಗಿದ್ದುದರಿಂದ ಕಥೆಯು ಒಂದೇ ಆಗಿರುವುದು ಅಲ್ಲಿ ಯುಕ್ತವಾಗಿತ್ತು. ಆದರೆ ಮಗ್ಗದ ನೇಕಾರರಿಗೂ ಸಂಸ್ಕೃತ ಪಂಡಿತರಿಗೂ ‘ತಮ್ಮ ಬಾಲ್ಯದ ಬಗ್ಗೆ ಎರಡು ಮಾತು’ ಎನ್ನುವ ಸಂಘಕ್ಕೆ ಯಾವ ಹೋಲಿಕೆಯ ಉದ್ದೇಶವಿದೆ?

ಯೋಜನೆಯೆಂದರೆ ಬೇರೆಯೇ. ಹಿರಿಯರು ಬರೆದುದಿದ್ದರೆ ಅದನ್ನು ಓದಿಕೊಳ್ಳುವುದು. ಬರೆಯದಿದ್ದರೆ ಅವರ ಕಸುಬನ್ನು ಅರಿತುಕೊಳ್ಳುವುದು. ಮದ್ದಳೆಗಾರರ ಬಳಿಗೆ ಹೋಗುವವನಿಗೆ ಮದ್ದಳೆಗೆ ಚರ್ಮವನ್ನು ಬಿಗಿಯುವವರು ಯಾರು, ತೆಂಕು ಬಡಗುಗಳ ಭೇದವೇನು, ಮೇಳವು ಹರಕೆಯದೊ ಟಿಕೆಟ್ಟಿನದೊ ಎಂಬಷ್ಟಾದರೂ ತಿಳಿದಿರಬೇಡವೆ? ತಿಳಿದವನು ಮುಂದೆ ಕುಳಿತಾಗ ಹಿರಿಯರು ತಿಳಿಯದವನಿಗೆ ಹೇಳದುದನ್ನು ಹೇಳುತ್ತಾರೆ. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರನ್ನು ಕುರಿತು ಸಾಕ್ಷ್ಯಚಿತ್ರವನ್ನು ಮಾಡಿದಾಗ ಧಾರವಾಡವೇನು, ಬೇಂದ್ರೆಯೇನು ಎಂಬುದನ್ನು ಅವರು ಅಲ್ಲಿಗೆ ಹೋಗಿ ಕೇಳಿ ತಿಳಿಯಬೇಕಾಗಿರಲಿಲ್ಲವಷ್ಟೆ.

ಇನ್ನು ಕ್ಯಾಮೆರಾವಿಲ್ಲದ ಮೊದಲ ಭೇಟಿ. ಇದನ್ನು ಬಿಟ್ಟವರು ಮಿಕ್ಕ ಏನನ್ನು ಮಾಡಿದರೂ ಅಷ್ಟೆ. ಸುಮ್ಮನೆ ಹೋಗಿ ಜಗುಲಿಯಲ್ಲಿ ಕುಳಿತು ಬರಬೇಕು. ಹಿರಿಯರಿಗೆ ಯಾವ ಹೊತ್ತಿನಲ್ಲಿ ಉಸಿರು ಚೆನ್ನಾಗಿದೆ, ಯಾವ ಕಿವಿ ಕೇಳುತ್ತದೆ, ಯಾವ ಕುರ್ಚಿಯಲ್ಲಿ ಮೈ ಹಗುರವಾಗುತ್ತದೆ, ಪಕ್ಕದಲ್ಲಿ ಮಗನು ಕುಳಿತರೆ ಮಾತು ಬರುವುದೊ ನಿಲ್ಲುವುದೊ ಎಂಬುದೆಲ್ಲ ಅಲ್ಲಿ ತಾನಾಗಿ ತಿಳಿಯುತ್ತದೆ. ಒಳ್ಳೆಯ ಕಥೆಯನ್ನು ಆ ದಿನವೇ ಪೂರ್ತಿ ಹೇಳಿಸಿಕೊಂಡುಬಿಡಬಾರದು. ಒಮ್ಮೆ ಹೇಳಿದ ಕಥೆಯನ್ನು ಕ್ಯಾಮೆರಾದ ಮುಂದೆ ಹಿರಿಯರು ‘ಅದೇ, ಮೊನ್ನೆ ಹೇಳಿದೆನಲ್ಲ’ ಎಂದು ಮೊಟಕುಮಾಡುತ್ತಾರೆ. ಕಥೆಯು ಎಲ್ಲಿದೆಯೆಂಬ ಗುರುತನ್ನಷ್ಟೆ ಹಾಕಿಕೊಂಡು ಬರಬೇಕು. ಹಳೆಯ ಚಿತ್ರಪಟ, ಕಾಗದಪತ್ರ, ವಾದ್ಯ ಮುಂತಾದುವು ಮನೆಯಲ್ಲಿವೆಯೆ ಎಂದು ವಿಚಾರಿಸಿ, ಚಿತ್ರೀಕರಣದ ದಿನ ಕೈಗೆ ಕೊಡುವಂತೆ ಏರ್ಪಡಿಸಬೇಕು. ಹತ್ತು ಪ್ರಶ್ನೆಗಳು ತೆರೆಯದ ಬಾಯನ್ನು ಮಾಸಿದ ಒಂದು ಚಿತ್ರಪಟವು ತೆರೆಸಬಲ್ಲದು.

ಕೇಳುವ ರೀತಿಯ ವಿಷಯವಾಗಿ ಅಮೆರಿಕದ ಒಂದು ಉದಾಹರಣೆಯು ಮನನಕ್ಕೆ ಯೋಗ್ಯವಾದುದು. ಹಿಟ್ಲರನ ಕಾಲದ ಹತ್ಯಾಕಾಂಡದಿಂದ ಬದುಕಿ ಉಳಿದ ಯೆಹೂದಿಯರ ಮಾತನ್ನು ವೀಡಿಯೊದಲ್ಲಿ ಹಿಡಿದಿಡುವ ಕೆಲಸವು 1979ರಲ್ಲಿ ನ್ಯೂ ಹೇವನ್ ನಗರದಲ್ಲಿ ಮೊದಲಾಗಿ, ಮುಂದೆ ಯೇಲ್ ವಿಶ್ವವಿದ್ಯಾಲಯದ ಸಂಗ್ರಹವಾಯಿತು. ಅಲ್ಲಿಯ ಸಂದರ್ಶಕರು ಆ ಕಾಲದ ಚರಿತ್ರೆಯನ್ನು ಚೆನ್ನಾಗಿ ಓದಿಕೊಂಡು ಬರುತ್ತಾರೆ. ಬಂದು, ಆದಷ್ಟು ಸುಮ್ಮನಿರುತ್ತಾರೆ. ಮಾತಿನ ದಾರಿಯನ್ನು ಹೇಳುವವರೇ ಆರಿಸುತ್ತಾರೆ. ಆ ಕೆಲಸದ ಆರಂಭಕರಲ್ಲಿ ಒಬ್ಬರಾದ ಮನೋವೈದ್ಯ ಡೋರಿ ಲೌಬ್ ಅವರು ಒಂದು ಸಂಗತಿಯನ್ನು ಬರೆದಿಟ್ಟಿದ್ದಾರೆ. 1944ರ ಅಕ್ಟೋಬರಿನಲ್ಲಿ ಆಷ್‌ವಿಟ್ಸ್ ಶಿಬಿರದಲ್ಲಿ ಬಂಧಿಗಳು ದಂಗೆಯೆದ್ದುದನ್ನು ಕಣ್ಣಾರೆ ಕಂಡ ಹೆಂಗಸೊಬ್ಬಳು, ನಾಲ್ಕು ಹೊಗೆಕೊಳವೆಗಳು ಸಿಡಿದು ಉರಿದುವೆಂದು ಹೇಳಿದಳು. ನಾಶವಾದುದು ಒಂದೇ ಎಂದು ಚರಿತ್ರಕಾರರು ಎತ್ತಿ ತೋರಿಸಿ, ಆಕೆಯ ಸಾಕ್ಷ್ಯವನ್ನು ನಂಬಲಾಗದೆಂದರು. ಕೊಳವೆಗಳ ಲೆಕ್ಕಕ್ಕಿಂತ, ಯೋಚಿಸಲೂ ಅಸಾಧ್ಯವೆನಿಸಿದ್ದ ದಂಗೆಯು ನಡೆದೇ ನಡೆಯಿತೆಂಬುದಕ್ಕೆ ಆಕೆ ಸಾಕ್ಷಿಯೆಂದು ಲೌಬ್ ಅವರು ವಾದಿಸಿದರು. ಇಬ್ಬರ ವಾದದಲ್ಲಿಯೂ ತಿರುಳಿದೆ; ಚರಿತ್ರಕಾರನು ಒಂದನ್ನು ನಾಲ್ಕೆಂದು ಬರೆಯುವಂತಿಲ್ಲ. ಆದರೆ ಆಕೆಯು ಹೇಳುತ್ತಿರುವ ನಡುವೆಯೇ ಯಾರಾದರೂ ಬಾಯಿ ಹಾಕಿ ‘ನಾಲ್ಕಲ್ಲಮ್ಮ, ಒಂದು’ ಎಂದಿದ್ದರೆ ಮುಂದಿನ ಮಾತೇ ಬರುತ್ತಿರಲಿಲ್ಲ.

ಸಂಘಗಳ ಸಂದರ್ಶಕರಲ್ಲಿ ಅನೇಕರು ಮಾಡುವುದು ಇದನ್ನೇ. ಹಿರಿಯರು ‘ಕ್ವಿಟ್ ಇಂಡಿಯಾ ಆದದ್ದು ನಲವತ್ತೊಂದರಲ್ಲಿ’ ಎಂದೊಡನೆ, ‘ಅಲ್ಲ, ನಲವತ್ತೆರಡು’ ಎಂದು ತಮ್ಮ ಜ್ಞಾನವನ್ನು ಮೆರೆಸುತ್ತಾರೆ. 1942 ಎಂಬುದು ಯಾವ ಶಾಲಾಪುಸ್ತಕದಲ್ಲಿಯಾದರೂ ದೊರೆಯುತ್ತದೆ. ಆ ದಿನ ಆ ಹುಡುಗನು ಶಾಲೆಯ ಗೋಡೆ ಹಾರಿ ಓಡಿದಾಗ ಹೆಡ್ಮಾಸ್ತರರು ಏನು ಮಾಡಿದರೆಂಬುದು ಮತ್ತೆಲ್ಲಿಯೂ ದೊರೆಯುವುದಿಲ್ಲ. ತಪ್ಪನ್ನು ಟಿಪ್ಪಣಿಯ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಕೊನೆಯಲ್ಲಿ ಕೇಳಬಹುದು. ಉತ್ತರ ಮುಗಿದ ಮೇಲೂ ನಾಲ್ಕಾರು ಗಳಿಗೆ ಸುಮ್ಮನಿರಬೇಕು. ಒಳ್ಳೆಯ ಮಾತು ಬಹಳ ಸಲ ಆ ಮೌನದ ಆಚೆಯಿಂದ ಬರುತ್ತದೆ. ‘ಹೌದು ಹೌದು’ ಎಂದು ಗಟ್ಟಿಯಾಗಿ ಹೇಳುವ ಬದಲು ತಲೆದೂಗಿದರೆ ಸಾಕು.

ಅಳುವಿನ ವಿಷಯವು ಇದಕ್ಕಿಂತ ಕಷ್ಟದ್ದು. ಕ್ಲಾಡ್ ಲಾನ್ಸ್‌ಮನ್ ಅವರ ‘ಶೋವಾ’ ಎಂಬ ಒಂಬತ್ತು ಗಂಟೆಗೂ ಮೀರಿದ ಚಿತ್ರವು 1985ರಲ್ಲಿ ಹೊರಬಂದಿತು. ಟ್ರೆಬ್ಲಿಂಕಾ ಶಿಬಿರದಲ್ಲಿ, ಕೊಲ್ಲಲ್ಪಡುವವರ ಕೂದಲನ್ನು ಕತ್ತರಿಸಬೇಕಾಗಿದ್ದ ಅಬ್ರಹಾಮ್ ಬೊಂಬಾ ಎಂಬವರನ್ನು ಅದರಲ್ಲಿ ಕ್ಷೌರದಂಗಡಿಯೊಂದರಲ್ಲಿ, ಕೈಯಲ್ಲಿ ಕತ್ತರಿ ಹಿಡಿದಂತೆಯೇ ಮಾತನಾಡಿಸಲಾಗಿದೆ. ಅಂಗಡಿಯು ಚಿತ್ರಕ್ಕಾಗಿ ಗೊತ್ತುಮಾಡಿದ್ದು. ಕತ್ತರಿಯ ಚಲನೆಯಿಂದಲೇ ನೆನಪು ಎಚ್ಚರಗೊಂಡಿತು. ಯೋಜನೆಯ ಶಕ್ತಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ. ನಡುವೆ ಅವರ ಗಂಟಲು ಕಟ್ಟಿ, ಮುಂದೆ ಬೇಡವೆಂದು ಕೇಳಿಕೊಂಡಾಗಲೂ ಲಾನ್ಸ್‌ಮನ್ ಬಿಡಲಿಲ್ಲ, ಹೇಳಲೇಬೇಕೆಂದರು. ಅದು ಸರಿಯೊ ತಪ್ಪೊ ಎಂಬ ಚರ್ಚೆಯು ಇನ್ನೂ ಮುಗಿದಿಲ್ಲ. ಹಲವು ವರ್ಷಗಳನ್ನು ಆ ಒಂದು ಚಿತ್ರಕ್ಕೆ ತೆತ್ತವರು ಅಷ್ಟು ದೂರ ಹೋದುದನ್ನು ಕ್ಷಮಿಸಬಹುದೇನೋ. ಅರ್ಧ ಗಂಟೆಗೆಂದು ಬಂದವರು, ಗಂಡನ ಸಾವನ್ನು ನೆನೆದು ಕಣ್ಣೊರೆಸಿಕೊಂಡ ಮುದುಕಿಯ ಮುಖದ ಹತ್ತಿರಕ್ಕೆ ಕ್ಯಾಮೆರಾವನ್ನು ಒಯ್ಯುವುದು ಮಾತ್ರ ಕ್ಷಮೆಗೆ ಅರ್ಹವಲ್ಲ. ‘ಬೇಡವೆನಿಸಿದರೆ ಕೈ ಎತ್ತಿರಿ, ನಿಲ್ಲಿಸುತ್ತೇವೆ’ ಎಂಬ ಮಾತನ್ನು ಮೊದಲೇ ಕೊಟ್ಟಿರಬೇಕು. ಕೊಟ್ಟ ಮೇಲೆ ನಡೆಸಬೇಕು.

ಚಿತ್ರೀಕರಣದ ಕುಶಲತೆಯ ವಿಷಯದಲ್ಲಿ ಸಂಘಗಳು ತಲೆಕೆಡಿಸಿಕೊಳ್ಳುವುದು ಕ್ಯಾಮೆರಾದ ಬೆಲೆಯ ಬಗ್ಗೆ. ಕೆಡಿಸಿಕೊಳ್ಳಬೇಕಾದುದು ಕಿವಿಯ ಬಗ್ಗೆ. ಚಿತ್ರವು ಮಸುಕಾದರೂ ಮಾತು ಸ್ಪಷ್ಟವಾಗಿದ್ದರೆ ದಾಖಲೆ ಉಳಿಯಿತು; ಚಿತ್ರವು ಎಷ್ಟು ಚೆನ್ನಾದರೂ ಮಾತು ಕೇಳದಿದ್ದರೆ ಉಳಿದುದು ಒಂದು ಭಾವಚಿತ್ರ. ಆರು ಅಡಿ ದೂರದ ಮೊಬೈಲು ಹಿರಿಯರ ಕ್ಷೀಣಸ್ವರಕ್ಕಿಂತ ಮೊದಲು ಫ್ಯಾನಿನ ಸದ್ದನ್ನು ಹಿಡಿಯುತ್ತದೆ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ, ಶಾಲಿನ ಅಂಚು ಉಜ್ಜದ ಹಾಗೆ ಸಿಕ್ಕಿಸಿ, ಒಬ್ಬನು ಹೆಡ್‌ಫೋನು ಹಾಕಿಕೊಂಡು ಆದಿಯಿಂದ ಅಂತ್ಯದವರೆಗೆ ಕೇಳುತ್ತಲೇ ಇರಬೇಕು. ಫ್ಯಾನನ್ನು ನಿಲ್ಲಿಸಬೇಕು, ಸೆಖೆಯಾದರೆ ನಡುನಡುವೆ ವಿರಾಮ ಕೊಟ್ಟು ಹಾಕಬೇಕು. ಫ್ರಿಜ್ಜಿನ ಗುಂಯ್‌ಗುಟ್ಟುವಿಕೆಯನ್ನೂ ಕುಕ್ಕರಿನ ಕೂಗನ್ನೂ ಮನೆಯವರಲ್ಲಿ ವಿನಯದಿಂದ ಕೇಳಿಕೊಂಡು ತಪ್ಪಿಸಬೇಕು. ಬೆಳಕಿಗೆ ಕಿಟಕಿಯೊಂದು ಸಾಕು, ಅದು ಹಿರಿಯರ ಬೆನ್ನಿಗಿರದೆ ಮಗ್ಗುಲಿಗಿರಬೇಕು. ಕ್ಯಾಮೆರಾ ಕಣ್ಣಿನ ಎತ್ತರದಲ್ಲಿ, ಕದಲದ ಕಾಲುಮಣೆಯ ಮೇಲೆ. ಕೇಳುವವನು ಅದರ ಪಕ್ಕಕ್ಕೇ ಒತ್ತಿ. ಇನ್ನೊಂದು ಎಚ್ಚರಿಕೆ: ಒಂದು ಕಾಲದಲ್ಲಿ ಮಾರಾಟವಾದ ಎಷ್ಟೋ ಸ್ಟಿಲ್ ಕ್ಯಾಮೆರಾಗಳು ಅರ್ಧ ಗಂಟೆ ತುಂಬುವ ಹೊತ್ತಿಗೆ ವೀಡಿಯೊವನ್ನು ತಾವಾಗಿಯೇ ನಿಲ್ಲಿಸಿಬಿಡುತ್ತವೆ. ಅರ್ಧ ಗಂಟೆ ದಾಟಿ ಮುದ್ರಿಸುವುದನ್ನು ಯುರೋಪಿನ ಸುಂಕದ ಕಾನೂನು ವೀಡಿಯೊ ಕ್ಯಾಮೆರಾ ಎಂದು ಎಣಿಸಿ ಹೆಚ್ಚು ಸುಂಕ ಹಾಕುತ್ತಿದ್ದುದೇ ಅದಕ್ಕೆ ಕಾರಣ. ಯುರೋಪಿನ ಸುಂಕದವರಿಂದಾಗಿ ಮದ್ದಳೆಗಾರರ ಅರ್ಧ ಮಾತು ಹೋಗಬಾರದಲ್ಲ!

ಕೊಳಲಿನ ನಾದವನ್ನು ಹಾಸುವವರಿಗೆ ಹೇಳಬೇಕಾದುದು ಹೆಚ್ಚಿಲ್ಲ. ಶಾಸನದ ಮೇಲೆ ಬಣ್ಣ ಬಳಿದವರನ್ನು ಯಾರೂ ಸಂಶೋಧಕರೆನ್ನುವುದಿಲ್ಲ. ಜನರಿಗೆ ತೋರಿಸಲು ಐದು ನಿಮಿಷದ ತುಣುಕು ಮಾಡುವುದಾದರೆ ಮಾಡಲಿ, ಅದಕ್ಕೆ ಸಂಗೀತ ಬೇಕಾದರೂ ಇರಲಿ. ಆದರೆ ಕತ್ತರಿ ತಾಗದ ಮೂಲಪ್ರತಿಯು ಹಾಗೆಯೇ ಉಳಿಯಬೇಕು. ಅದು ಕಾರ್ಯದರ್ಶಿಗಳ ಸ್ವಂತ ಖಾತೆಯಲ್ಲಿದ್ದು, ಅವರು ಗುಪ್ತಪದವನ್ನು ಮರೆತ ದಿನ ಅಥವಾ ಸಂಘದೊಡನೆ ಮುನಿಸಿಕೊಂಡ ದಿನ ಮಾಯವಾಗುವಂತಿರಬಾರದು. ಎರಡು ಪ್ರತಿ, ಎರಡು ಬೇರೆ ಕಟ್ಟಡಗಳಲ್ಲಿ. ಜೊತೆಗೆ ಒಂದು ಹಾಳೆ: ಯಾರು, ಎಲ್ಲಿ, ಯಾವ ದಿನ, ಯಾರು ಕೇಳಿದರು, ಎಷ್ಟನೆಯ ನಿಮಿಷದಲ್ಲಿ ಯಾವ ವಿಷಯ, ಹಿರಿಯರು ಏನನ್ನು ಪ್ರಕಟಿಸಲು ಒಪ್ಪಿದರು, ಏನನ್ನು ತಾವಿರುವವರೆಗೆ ಬೇಡವೆಂದರು. ಈ ಹಾಳೆಯಿಲ್ಲದ ನಲವತ್ತು ಚಿತ್ರಗಳಿಗಿಂತ ಹಾಳೆಯಿರುವ ನಾಲ್ಕು ಮೇಲು. ಮೂರನೆಯ ಪ್ರತಿಯು ಆ ಮನೆಯವರಿಗೆ ಸಲ್ಲಬೇಕು. ಹಿರಿಯರು ಅದನ್ನು ನೋಡಿ ‘ಇಲ್ಲಿ ಒಂದು ಮಾತು ಬಿಟ್ಟುಹೋಯಿತು’ ಎಂದರೆ ಮತ್ತೊಮ್ಮೆ ಹೋಗಬೇಕು.

ಸಂಘಗಳಲ್ಲಿ ಇಷ್ಟಕ್ಕೆಲ್ಲ ಹಣವೆಲ್ಲಿದೆಯೆಂಬ ಪ್ರಶ್ನೆಯು ಕೊನೆಗೆ ಬಂದೇ ಬರುತ್ತದೆ. ಅಂಗಿಗೆ ಸಿಕ್ಕಿಸುವ ತಂತಿಯ ಮೈಕು ಒಂದು ಸಾವಿರ ರೂಪಾಯಿಗಿಂತ ಕಡಿಮೆಗೆ ದೊರೆಯುತ್ತದೆ. ಬರುವ ವಾರ್ಷಿಕೋತ್ಸವದಲ್ಲಿ ಹಾರ, ಫಲಕ, ಹಣ್ಣಿನ ಬುಟ್ಟಿಗಳ ಬಾಬತ್ತಿನಿಂದ ಅಷ್ಟನ್ನು ತಗ್ಗಿಸಿದರೆ ಮುಗಿಯಿತು. ಆದರೆ ಹಿರಿಯರ ಜಗುಲಿಯಲ್ಲಿ ಒಂದು ಮಧ್ಯಾಹ್ನವೆಲ್ಲ ಕೈಯಲ್ಲಿ ಏನನ್ನೂ ಹಿಡಿಯದೆ ಕುಳಿತು, ಕೇಳಿ, ಎದ್ದು ಬರಬಲ್ಲ ಸದಸ್ಯರೊಬ್ಬರನ್ನು ಯಾವ ಬಾಬತ್ತಿನಿಂದ ತರಿಸುವುದೋ, ಅದನ್ನು ಖಜಾಂಚಿಗಳೇ ಹೇಳಬೇಕು.